ನಿಮಗಿದು ಗೊತ್ತೆ? ಹಲ್ಲಿನ ಕ್ಯಾಪ್ ನಾಲಿಗೆಯನ್ನೇ ಮರೆಮಾಡುತ್ತದೆ!

ಬಾಯಲ್ಲಿ ಲೋಹದ ಕ್ಯಾಪ್ ಒಂದಿದ್ದರೂ ಸಾಕು, ಸಿ.ಟಿ. ಸ್ಕ್ಯಾನ್ ಚಿತ್ರದ ಆ ಭಾಗದಲ್ಲಿ ನಾಲಿಗೆ, ಕೆನ್ನೆಗಳು ಕಪ್ಪು-ಬಿಳಿ ಗೆರೆಗಳ ಹಿಂದೆ ಮರೆಯಾಗಿಬಿಡಬಹುದು! ಲೋಹವು ಎಕ್ಸ್-ರೇ ಕಿರಣಗಳನ್ನು ನುಂಗಿಹಾಕುತ್ತದೆ. ಆಚೆ ಬದಿಗೆ ತಲುಪುವ ಕಿರಣ ಅತ್ಯಲ್ಪ. ಆ ಅರೆಬರೆ ಅಳತೆಯಿಂದಲೇ ಚಿತ್ರ ಕಟ್ಟಲು ಹೊರಟ ಕಂಪ್ಯೂಟರ್ ಇಲ್ಲದ ಗೆರೆಗಳನ್ನು ಎಳೆಯುತ್ತದೆ.

ವಾರಾಣಸಿಯಲ್ಲಿ ಇದು ಸಣ್ಣ ಸಂಗತಿಯಲ್ಲ. ಪಾನ್, ತಂಬಾಕು ಜಗಿಯುವ ಆ ಸೀಮೆಯಲ್ಲಿ ಬಾಯಿ ಕ್ಯಾನ್ಸರ್ ಹೆಚ್ಚು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆವರಣದಲ್ಲಿ 2019ರಲ್ಲಿ ಮಹಾಮನ ಪಂಡಿತ ಮದನ ಮೋಹನ ಮಾಳವೀಯ ಕ್ಯಾನ್ಸರ್ ಕೇಂದ್ರ ಉದ್ಘಾಟನೆಯಾಯಿತು. ಇಂಥ ಕೇಂದ್ರಗಳಲ್ಲಿ ವಿಕಿರಣ ಚಿಕಿತ್ಸೆಗೆ ಮುನ್ನ ಗಡ್ಡೆಯ ಅಂಚು ಗುರುತಿಸಲು, ಡೋಸ್ ಲೆಕ್ಕ ಹಾಕಲು ಸಿ.ಟಿ. ಚಿತ್ರವೇ ಆಧಾರ. ಗೆರೆ ಬಿದ್ದರೆ ಎರಡಕ್ಕೂ ತೊಡಕು.

ಪರಿಹಾರವೂ ಸೊಗಸಾಗಿದೆ. ಜರ್ಮನಿಯ ವಿಲಿ ಕಾಲೆಂಡರ್ ಮತ್ತು ಸಂಗಡಿಗರು 1987ರಲ್ಲಿ ಒಂದು ಉಪಾಯ ಪ್ರಕಟಿಸಿದರು. ಲೋಹದ ನೆರಳು ಬಿದ್ದ ಅಳತೆಗಳನ್ನು ಕಿತ್ತುಹಾಕುವುದು, ಅಕ್ಕಪಕ್ಕದ ಅಳತೆಗಳಿಂದ ಆ ಜಾಗ ತುಂಬುವುದು. ಹರಿದ ಬನಾರಸಿ ಸೀರೆಗೆ ಅದರದೇ ಎಳೆ ಹೊಂದಿಸಿ ರಫೂ ಹಾಕಿದಂತೆ! ಇಂದಿನ ಹಲವು ಸ್ಕ್ಯಾನರ್‌ಗಳ ತಂತ್ರಾಂಶ ಈ ದಾರಿಯಲ್ಲೇ ಬೆಳೆದಿದೆ. ಆದರೆ ತೇಪೆಯೂ ಹೊಸ ಸುಳ್ಳು ಗುರುತು ಮೂಡಿಸಬಲ್ಲದು. ಹಾಗಾಗಿ ತಿದ್ದಿದ ಚಿತ್ರದ ಜೊತೆ ಮೂಲ ಚಿತ್ರವನ್ನೂ ನೋಡಲೇಬೇಕು.

ಎಲ್ಲ ಲೋಹಗಳ ಕಾಟ ಒಂದೇ ಅಲ್ಲ. ಪರಮಾಣು ಸಂಖ್ಯೆ ಹೆಚ್ಚಿದಷ್ಟೂ ಕಿರಣಗಳನ್ನು ನುಂಗುವುದೂ ಸಾಮಾನ್ಯವಾಗಿ ಹೆಚ್ಚು. ಚಿನ್ನದ ಪರಮಾಣು ಸಂಖ್ಯೆ 79, ಹಲ್ಲಿನ ಕೆಲವು ಫಿಲ್ಲಿಂಗ್‌ಗಳಲ್ಲಿರುವ ಪಾದರಸದ್ದು 80. ಇಂಪ್ಲಾಂಟಿನ ಟೈಟಾನಿಯಂನದು ಬರೀ 22. ಅದರಿಂದ ಬೀಳುವ ಗೆರೆಗಳೂ ಕಡಿಮೆ.