ಮಕ್ಕಳಿಗೆ 18, 21, 25 ತುಂಬಿದರೆ ಅಪ್ಪನ ಕಾರ್ಡ್ ನಡೆಯಲ್ಲ: ಹಲ್ಲಿನ ಚಿಕಿತ್ಸೆಗೆ ಮುಂದೇನು?

ಬೀಚನಹಳ್ಳಿ: ‘ಅಪ್ಪನ ಕಾರ್ಡ್ ಇದೆಯಲ್ಲ, ಆಸ್ಪತ್ರೆ ಖರ್ಚಿಗೆ ಯೋಚನೆ ಇಲ್ಲ’ ಅಂತ ಎಷ್ಟೋ ಮನೆಗಳಲ್ಲಿ ನಂಬಿಕೊಂಡಿರುತ್ತಾರೆ. ಆದರೆ ಮಕ್ಕಳಿಗೆ ಆ ಸೌಲಭ್ಯ ಸಿಗುವುದು ಒಂದು ವಯಸ್ಸಿನವರೆಗೆ ಮಾತ್ರ. ಆ ವಯಸ್ಸು ದಾಟಿದ್ದು ಮನೆಯವರಿಗೆ ಗೊತ್ತಾಗುವುದು ಮುಖ ಊದಿಸಿಕೊಂಡ ಮಗನನ್ನು ಕೌಂಟರ್ ಮುಂದೆ ನಿಲ್ಲಿಸಿದಾಗಲೇ.

ಹಲ್ಲಿನ ವಿಷಯದಲ್ಲಿ ಇದು ಇನ್ನೂ ಕಷ್ಟ. ಬುದ್ಧಿಹಲ್ಲು ಮೂಡುವುದು ಸಾಮಾನ್ಯವಾಗಿ 17ರಿಂದ 25 ವರ್ಷದೊಳಗೆ. ಜಾಗ ಸಾಲದೆ ಅದು ಅಡ್ಡ ಬೆಳೆದರೆ ನೋವು, ಕೀವು, ಬಾಯಿ ತೆರೆಯಲಾಗದ ಸ್ಥಿತಿ. ಸರಿಯಾಗಿ ಇದೇ ವಯಸ್ಸಿನಲ್ಲಿ ಸರ್ಕಾರದ ಮತ್ತು ವಿಮೆಯ ಸೌಲಭ್ಯಗಳು ಒಂದೊಂದಾಗಿ ನಿಲ್ಲುತ್ತವೆ. ಯಾವುದು ಯಾವಾಗ ನಿಲ್ಲುತ್ತದೆ, ಅದಕ್ಕೆ ಮೊದಲು ಏನು ಮಾಡಿಕೊಳ್ಳಬೇಕು ಎಂಬ ವಿವರ ಇಲ್ಲಿದೆ.

18 ವರ್ಷ: ಶಾಲೆಯ ತಪಾಸಣೆ ಮುಗಿಯುತ್ತದೆ

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಸಲ ಬಂದು ಮಕ್ಕಳನ್ನು ನೋಡಬೇಕು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ಇದು ಅನ್ವಯ. ತಪಾಸಣೆಯ ಪಟ್ಟಿಯಲ್ಲಿ ಹಲ್ಲಿನ ತೊಂದರೆಯೂ ಇದೆ. ತೊಂದರೆ ಕಂಡರೆ ಚೀಟಿ ಬರೆದು ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ, ಚಿಕಿತ್ಸೆ ಉಚಿತ.

ಆ ಚೀಟಿ ಮಗುವಿನ ಬ್ಯಾಗಿನಲ್ಲೇ ಮಾಸಿಹೋಗಬಾರದು. ಮಗ ಅಥವಾ ಮಗಳು ಹೈಸ್ಕೂಲು, ಪಿಯುಸಿಯಲ್ಲಿ ಇರುವಾಗಲೇ ಹುಳುಕು ಹಲ್ಲುಗಳನ್ನು ತುಂಬಿಸಿಕೊಂಡರೆ ಮುಂದಿನ ಖರ್ಚು ಅರ್ಧಕ್ಕರ್ಧ ತಪ್ಪಿದಂತೆಯೇ.

21 ವರ್ಷ: ಇಎಸ್‌ಐ ಮಗನನ್ನು ಕೈಬಿಡುತ್ತದೆ

ನಮ್ಮ ತಾಲ್ಲೂಕುಗಳಿಂದ ನಂಜನಗೂಡು, ಮೈಸೂರಿನ ಕಾರ್ಖಾನೆಗಳಿಗೆ ದುಡಿಯಲು ಹೋಗುವವರ ಮನೆಗಳಿಗೆ ಇದು ಮುಖ್ಯ. ತಿಂಗಳಿಗೆ 21,000 ರೂ.ವರೆಗೆ ಸಂಬಳ ಇರುವವರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ಸಂಬಳದಲ್ಲಿ ಶೇ 0.75 ನೌಕರರಿಂದ, ಶೇ 3.25 ಮಾಲೀಕರಿಂದ ಕಟ್ಟಬೇಕು. ಹಲ್ಲು ಕೀಳುವುದು, ತುಂಬುವುದು ಮುಂತಾದ ಹೊರರೋಗಿ ಚಿಕಿತ್ಸೆ ಇಎಸ್‌ಐ ಆಸ್ಪತ್ರೆಯ ದಂತ ವಿಭಾಗದಲ್ಲಿ ಸಿಗುತ್ತದೆ. ಮೈಸೂರಿನಲ್ಲಿ ಇಎಸ್‌ಐ ಆಸ್ಪತ್ರೆ ಇದೆ.

ಮಕ್ಕಳ ವಿಷಯದಲ್ಲಿ ನಿಯಮ ಹೀಗಿದೆ:

• ಅವಲಂಬಿತ ಮಗ, ಮಗಳು ಇಬ್ಬರಿಗೂ 18 ವರ್ಷದವರೆಗೆ ಸೌಲಭ್ಯ ಇದೆ.
• ಓದುತ್ತಿರುವ ಮಗನಿಗೆ 21 ತುಂಬುವವರೆಗೆ. ಓದು ಬಿಟ್ಟಿದ್ದರೆ 18ಕ್ಕೇ ಮುಗಿಯುತ್ತದೆ.
• ಅವಲಂಬಿತ ಮಗಳಿಗೆ ಮದುವೆ ಆಗುವವರೆಗೆ, ವಯಸ್ಸಿನ ಮಿತಿ ಇಲ್ಲ.
• ಅಂಗವೈಕಲ್ಯದಿಂದಾಗಿ ತಂದೆ ತಾಯಿಯನ್ನೇ ಪೂರ್ತಿ ಅವಲಂಬಿಸಿರುವ ಮಕ್ಕಳಿಗೆ ಆ ಸ್ಥಿತಿ ಇರುವವರೆಗೆ.

ಮಗಳ ಹೆಸರು ಕಾರ್ಡಿಗೆ ಸೇರಿಸಿಲ್ಲದಿದ್ದರೆ ಈಗಲೂ ಸೇರಿಸಬಹುದು, ಕಂಪನಿಯ ಎಚ್‌ಆರ್ ಕಡೆ ಕೇಳಿ. ಮಗ ಕೆಲಸಕ್ಕೆ ಸೇರಿ, ಅವನ ಸಂಬಳವೂ 21,000 ರೂ. ಒಳಗಿದ್ದರೆ ಅವನಿಗೇ ಸ್ವಂತ ಇಎಸ್‌ಐ ನಂಬರ್ ಬರಬೇಕು. ಕೆಲಸಕ್ಕೆ ಸೇರಿದ ದಿನದಿಂದಲೇ ವೈದ್ಯಕೀಯ ಸೌಲಭ್ಯ ಶುರು. ‘ಆರು ತಿಂಗಳು ಆಗಲಿ’ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಅಂಗಡಿ ಮಾಲೀಕರೂ ಗಮನಿಸಿ. 10 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸಕ್ಕಿರುವ ಅಂಗಡಿ, ಹೋಟೆಲ್‌ಗಳಿಗೂ ಇಎಸ್‌ಐ ಅನ್ವಯಿಸುತ್ತದೆ. ನಿಮ್ಮಲ್ಲಿ ಕೆಲಸ ಮಾಡುವ ಹುಡುಗನ ಹಲ್ಲಿನ ಚಿಕಿತ್ಸೆಗೂ ಅದೇ ದಾರಿ. ಸಂದೇಹ ಇದ್ದರೆ ಇಎಸ್‌ಐ ಸಹಾಯವಾಣಿ 1800-11-2526ಕ್ಕೆ ಕರೆ ಮಾಡಬಹುದು.

25 ವರ್ಷ: ಮೆಡಿಕ್ಲೈಮ್‌ನಿಂದ ಹೆಸರು ಹೋಗುತ್ತದೆ

ಅಂಗಡಿ, ವ್ಯಾಪಾರ ಇರುವ ಎಷ್ಟೋ ಮನೆಗಳವರು ಇಡೀ ಕುಟುಂಬಕ್ಕೆ ಸೇರಿ ಒಂದೇ ಪಾಲಿಸಿ ಮಾಡಿಸಿರುತ್ತಾರೆ. ಇವುಗಳಲ್ಲಿ ಮಕ್ಕಳಿಗೆ ಸಾಮಾನ್ಯವಾಗಿ 25 ವರ್ಷವೇ ಗಡಿ. ವಿಮಾ ನಿಯಂತ್ರಣ ಪ್ರಾಧಿಕಾರದ ಸೂಚನೆಯಂತೆ 2020ರ ಏಪ್ರಿಲ್‌ನಲ್ಲಿ ಬಂದ ‘ಆರೋಗ್ಯ ಸಂಜೀವನಿ’ ಪಾಲಿಸಿಯನ್ನೇ ನೋಡಿ. ಅದರಲ್ಲಿ ಮಕ್ಕಳಿಗೆ 3 ತಿಂಗಳಿಂದ 25 ವರ್ಷದವರೆಗೆ ಅವಕಾಶ. 18 ದಾಟಿದ ಮಗ ಅಥವಾ ಮಗಳು ಸ್ವಂತ ಸಂಪಾದನೆ ಶುರು ಮಾಡಿದರೆ ಮುಂದಿನ ನವೀಕರಣದಲ್ಲೇ ಹೆಸರು ಬಿಡುತ್ತಾರೆ.

ಇಲ್ಲಿ ಜನ ಮಾಡುವ ತಪ್ಪು ಒಂದೇ. ಹೆಸರು ಹೋದ ಮೇಲೆ ಒಂದೆರಡು ವರ್ಷ ಸುಮ್ಮನಿದ್ದು ಆಮೇಲೆ ಹೊಸ ಪಾಲಿಸಿ ಮಾಡಿಸುವುದು. ಆಗ ಮೊದಲೇ ಇದ್ದ ಕಾಯಿಲೆಗಳಿಗೆ ಕಾಯುವ ಅವಧಿ ಹೊಸದಾಗಿ ಶುರುವಾಗುತ್ತದೆ. ಅದು ಮೂರು ವರ್ಷದವರೆಗೂ ಇರಬಹುದು. ಬದಲಿಗೆ ನವೀಕರಣದ ದಿನಕ್ಕೆ ಕನಿಷ್ಠ 45 ದಿನ ಮೊದಲೇ ಏಜೆಂಟ್‌ಗೆ ಹೇಳಿ, ಮಗನ ಹೆಸರಿಗೆ ಬೇರೆ ಪಾಲಿಸಿಗೆ ವರ್ಗಾಯಿಸಿಕೊಳ್ಳಿ. ಆಗ ಅಪ್ಪನ ಪಾಲಿಸಿಯಲ್ಲಿ ಕಳೆದ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿಗೆ ಜಿಎಸ್‌ಟಿ ಇಲ್ಲ ಎಂಬುದೂ ನೆನಪಿರಲಿ. ಕಂಪನಿ ಸ್ಪಂದಿಸದಿದ್ದರೆ ಪ್ರಾಧಿಕಾರದ ದೂರು ಸಂಖ್ಯೆ 155255.

ಆದರೆ ಪಾಲಿಸಿ ಹಲ್ಲಿಗೆ ಬರುತ್ತದಾ?

ಏಜೆಂಟ್ ಬಿಡಿಸಿ ಹೇಳದಿರುವ ಮಾತು ಇದು. ಹೆಚ್ಚಿನ ಮೆಡಿಕ್ಲೈಮ್‌ಗಳು ಆಸ್ಪತ್ರೆಗೆ ದಾಖಲಾಗುವ ಚಿಕಿತ್ಸೆಗಷ್ಟೇ. ಬೈಕಿನಿಂದ ಬಿದ್ದು ದವಡೆ ಒಡೆದು ದಾಖಲಾದರೆ ಕ್ಲೈಮ್ ಆಗಬಹುದು. ಹುಳುಕು ತುಂಬಿಸುವುದು, ಕ್ಲೀನಿಂಗ್, ರೂಟ್ ಕೆನಾಲ್, ಕ್ಲಿಪ್ ಹಾಕಿಸುವುದು ಇವಕ್ಕೆ ಸಾಮಾನ್ಯವಾಗಿ ಬರಲ್ಲ. ಹೊರರೋಗಿ ದಂತ ಚಿಕಿತ್ಸೆ ಸೇರಿದ ಪಾಲಿಸಿಗಳೂ ಇವೆ, ಆದರೆ ಕಂತು ಹೆಚ್ಚು, ವರ್ಷಕ್ಕೆ ಇಷ್ಟೇ ಎಂಬ ಮಿತಿಯೂ ಇರುತ್ತದೆ. ಸಹಿ ಹಾಕುವ ಮೊದಲು ‘ದಾಖಲಾಗದೆ ಹಲ್ಲು ತುಂಬಿಸಿದರೆ ಎಷ್ಟು ಕೊಡ್ತೀರಿ?’ ಅಂತ ನೇರವಾಗಿ ಕೇಳಿ, ಉತ್ತರವನ್ನು ಪಾಲಿಸಿಯ ಪುಟದಲ್ಲೇ ತೋರಿಸಲು ಹೇಳಿ.

ರೇಷನ್ ಕಾರ್ಡಿಗೆ ವಯಸ್ಸಿನ ಗಡಿ ಇಲ್ಲ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಮಗನಿಗೆ 25 ಆಯಿತು, 30 ಆಯಿತು ಅಂತ ಹೆಸರು ತೆಗೆಯುವುದಿಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ 30ರಷ್ಟು, ಗರಿಷ್ಠ 1.5 ಲಕ್ಷ ರೂ. ದವಡೆ ಮುರಿತ, ದವಡೆಯ ಗಡ್ಡೆಯಂಥ ಶಸ್ತ್ರಚಿಕಿತ್ಸೆಗಳು ಇದರಲ್ಲಿ ಬರುತ್ತವೆ. ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ತುರ್ತು ಸಂದರ್ಭ ಬಿಟ್ಟು ಉಳಿದಂತೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ದಿನನಿತ್ಯದ ಹುಳುಕು, ನೋವಿಗೆ ಈ ಕಾರ್ಡ್ ನಂಬಿ ಕೂರುವಂತಿಲ್ಲ. ವಿಚಾರಿಸಲು 14555.

ಡೈರಿ, ಸೊಸೈಟಿ ಸದಸ್ಯರ ಮನೆಗಳಲ್ಲಿ ಯಶಸ್ವಿನಿ ಇರಬಹುದು. ಅದೂ ದಾಖಲಾಗಿ ಮಾಡಿಸಿಕೊಳ್ಳುವ ಶಸ್ತ್ರಚಿಕಿತ್ಸೆಗೆ ಇರುವ ಯೋಜನೆಯೇ ಹೊರತು ಹಲ್ಲು ತುಂಬಿಸಲು ಅಲ್ಲ.

ಯಾವ ಕಾರ್ಡೂ ಇಲ್ಲದವರು ಎಲ್ಲಿಗೆ ಹೋಗಬೇಕು?

ಮೊದಲ ಬಾಗಿಲು ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಯವರು ಮೈಸೂರಿಗೆ ಬಸ್ ಹತ್ತುವ ಮೊದಲು ಇಲ್ಲಿ ತೋರಿಸಿಕೊಳ್ಳಬೇಕು. ಮೈಸೂರಿಗೆ ಹೋಗಿ ಬಂದರೆ ಬಸ್ ಚಾರ್ಜಿನ ಜೊತೆ ಒಂದು ದಿನದ ಕೂಲಿಯೂ ಹೋಗುತ್ತದೆ. ದಂತ ವೈದ್ಯರು ಯಾವ ದಿನ ಇರುತ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯಲ್ಲೋ ಕೇಳಿಕೊಂಡು ಹೊರಡಿ.

ರೂಟ್ ಕೆನಾಲ್, ಅಡ್ಡ ಬೆಳೆದ ಬುದ್ಧಿಹಲ್ಲು ತೆಗೆಯುವುದು ಮುಂತಾದ ಕೆಲಸಕ್ಕೆ ಮೈಸೂರಿನ ದಂತ ವೈದ್ಯಕೀಯ ಕಾಲೇಜುಗಳಿವೆ. ಜೆಎಸ್‌ಎಸ್ ಮತ್ತು ಫಾರೂಕಿಯಾ ಕಾಲೇಜುಗಳು ಎಲ್ಲರಿಗೂ ಗೊತ್ತಿರುವಂಥವು. ಇಂಥ ಕಾಲೇಜುಗಳಲ್ಲಿ ಕಲಿಯುತ್ತಿರುವ ವೈದ್ಯರು ಹಿರಿಯರ ಉಸ್ತುವಾರಿಯಲ್ಲಿ ಚಿಕಿತ್ಸೆ ಮಾಡುವುದರಿಂದ ಖಾಸಗಿ ಕ್ಲಿನಿಕ್‌ಗಿಂತ ಖರ್ಚು ಕಡಿಮೆ. ಸಮಯ ಮಾತ್ರ ಹೆಚ್ಚು ಹಿಡಿಯುತ್ತದೆ, ಎರಡು ಮೂರು ಸಲ ಓಡಾಡಬೇಕಾಗಬಹುದು.

ನೋವಿನ ಮಾತ್ರೆಯಲ್ಲೇ ದಿನ ದೂಡಬೇಡಿ

ಹುಳುಕು ಚಿಕ್ಕದಿದ್ದಾಗ ನೂರುಗಳಲ್ಲಿ ಮುಗಿಯುವ ಕೆಲಸ, ಬೇರಿಗೆ ಇಳಿದರೆ ಸಾವಿರಗಳಿಗೆ ಹೋಗುತ್ತದೆ. ಮೆಡಿಕಲ್ ಶಾಪಿನ ಮಾತ್ರೆ ನೋವು ತಡೆಯುತ್ತದೆ, ಕೀವು ಒಳಗೇ ಇರುತ್ತದೆ. ಕೆಳದವಡೆಯ ಹಿಂಬದಿ ಹಲ್ಲಿನ ಕೀವು ಕುತ್ತಿಗೆಗೆ ಇಳಿದರೆ ಉಸಿರಾಟಕ್ಕೇ ಅಪಾಯ. ದವಡೆಯ ಕೆಳಗೆ ಗಟ್ಟಿ ಊತ, ಜ್ವರ, ನುಂಗಲು ಅಥವಾ ಉಸಿರಾಡಲು ಕಷ್ಟ ಕಂಡರೆ ಕಾರ್ಡ್ ಹುಡುಕುತ್ತಾ ಕೂರಬೇಡಿ. 108 ಕರೆದು ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ.

ಮನೆಯಲ್ಲಿ 17ರಿಂದ 25ರೊಳಗಿನ ಮಕ್ಕಳಿದ್ದರೆ ಈ ವಾರವೇ ಎರಡು ಕೆಲಸ ಮಾಡಿ. ಇಎಸ್‌ಐ ಅಥವಾ ಪಾಲಿಸಿಯಲ್ಲಿ ಮಗನ, ಮಗಳ ಹೆಸರು ಯಾವ ತಾರೀಖಿನವರೆಗೆ ಇದೆ ನೋಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ತಾರೀಖು ಬರುವ ಮುಂಚೆ ಒಂದು ಸಲ ಹಲ್ಲು ತೋರಿಸಿ, ಮಾಡಿಸಬೇಕಾದ್ದನ್ನು ಮಾಡಿಸಿ ಮುಗಿಸಿ.