ಹೊಸ ಸ್ಮಾರ್ಟ್‌ಫೋನ್ ಕೊಳ್ಳುವ ಮುನ್ನ ಲೆಕ್ಕ ಹಾಕಿರಿ

ಸುಗ್ಗಿ ಮುಗಿದು ಧಾನ್ಯದ ಹಣ ಕೈಸೇರುವ ಹೊತ್ತಿಗೆ ಸರಿಯಾಗಿ ಪೇಟೆಯ ಅಂಗಡಿಗಳಲ್ಲಿ ಹೊಸ ಸ್ಮಾರ್ಟ್‌ಫೋನ್‌ಗಳ ಜಾಹೀರಾತು ಏಳುತ್ತದೆ. 'ಮೊನ್ನೆ ತಾನೆ ಬಿಡುಗಡೆಯಾಗಿದೆ, ಇದನ್ನೇ ತರೋಣ' ಎಂದು ಮನೆಯ ಹುಡುಗರು ಹಟ ಹಿಡಿಯುತ್ತಾರೆ. ಕೊಳ್ಳಬೇಕೆ, ಬೇಡವೆ?

ಸಂತೆಯಲ್ಲಿ ಎತ್ತು ಕೊಳ್ಳುವಾಗ ನೀವು ಹಲ್ಲು ನೋಡುತ್ತೀರಿ, ಸುಳಿ ನೋಡುತ್ತೀರಿ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೀರಿ. ಹತ್ತು ಹದಿನೈದು ಸಾವಿರ ರೂಪಾಯಿಯ ಫೋನಿಗೂ ಇಂಥ ಪರೀಕ್ಷೆ ಅಗತ್ಯ. ಸರ್ಕಾರ ನಿಗದಿ ಮಾಡಿರುವಂತೆ 50 ಕಿಲೋ ಡಿಎಪಿ ಚೀಲದ ಬೆಲೆ 1,350 ರೂಪಾಯಿ. ಅಂದರೆ 13,500 ರೂಪಾಯಿಯ ಫೋನು ಹತ್ತು ಚೀಲ ಗೊಬ್ಬರಕ್ಕೆ ಸಮ. ಮುಂದಿನ ಬೆಳೆಯ ಬಂಡವಾಳ ತೆಗೆದಿಟ್ಟ ಮೇಲೆ ಉಳಿದ ಹಣದಲ್ಲಿ ಮಾತ್ರ ಈ ವಿಚಾರ ಮಾಡುವುದು ಲೇಸು.

ಯಾವ ಕೆಲಸಕ್ಕೆ ಬೇಕು?

ಮೊದಲು ನಿಮ್ಮ ಅಗತ್ಯ ಪಟ್ಟಿ ಮಾಡಿರಿ. ಬರೀ ಮಾತನಾಡಲು ಸ್ಮಾರ್ಟ್‌ಫೋನ್ ಬೇಕಿಲ್ಲ. ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಗುಂಡಿ ಒತ್ತುವ ಸಾದಾ ಫೋನಿನಿಂದಲೂ ಕರೆ ಮಾಡಿ ಸಲಹೆ ಪಡೆಯಬಹುದು. ಹಣ ಕಳಿಸುವುದಕ್ಕೂ ಸಾದಾ ಫೋನಿನಲ್ಲಿ ನಡೆಯುವ ಯುಪಿಐ 123ಪೇ ಎಂಬ ವ್ಯವಸ್ಥೆ 2022ರ ಮಾರ್ಚ್‌ನಲ್ಲಿ ಜಾರಿಗೆ ಬಂದಿದೆ. ಇಂಟರ್‌ನೆಟ್ ಬೇಡದವರಿಗಾಗಿ ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ರೀಚಾರ್ಜ್ ಕೊಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2024ರ ಡಿಸೆಂಬರ್‌ನಲ್ಲಿ ಕಂಪನಿಗಳಿಗೆ ವಿಧಿಸಿತು. ಮನೆಯ ಹಿರಿಯರ ಫೋನಿಗೆ ಇದು ಸಾಕು.

ಇನ್ನು ಕೆಲವು ಕೆಲಸಗಳಿಗೆ ಸ್ಮಾರ್ಟ್‌ಫೋನ್ ನಿಜಕ್ಕೂ ಉಪಯುಕ್ತ. 2020ರ ಮುಂಗಾರಿನಿಂದ ನಮ್ಮ ರಾಜ್ಯದಲ್ಲಿ ರೈತರೇ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ತಮ್ಮ ಬೆಳೆಯ ವಿವರ ದಾಖಲಿಸಲು ಅವಕಾಶವಾಗಿದೆ. ಹೊಲದೊಳಗೆ ನಿಂತೇ ಚಿತ್ರ ತೆಗೆಯಬೇಕಾದ್ದರಿಂದ ಫೋನಿನ ಜಿಪಿಎಸ್ ಸರಿಯಾಗಿರಬೇಕು. ಸರ್ವೆ ನಂಬರ್ ನೋಡಲು ದಿಶಾಂಕ್, ಹವಾಮಾನ ಸಲಹೆಗೆ ಮೇಘದೂತ್, ಸಿಡಿಲಿನ ಮುನ್ಸೂಚನೆಗೆ ದಾಮಿನಿ ಆ್ಯಪ್‌ಗಳಿವೆ. ಪಿಎಂ ಕಿಸಾನ್ ಇ-ಕೆವೈಸಿಯನ್ನು ಮುಖ ತೋರಿಸಿ ಮಾಡುವ ಸೌಲಭ್ಯ 2023ರಲ್ಲಿ ಬಂತು. ರೋಗ ತಗುಲಿದ ಎಲೆಯ ಚಿತ್ರವನ್ನು ಕೃಷಿ ವಿಜ್ಞಾನ ಕೇಂದ್ರದ ತಜ್ಞರಿಗೆ ಕಳಿಸಿ ಕೇಳುವುದೂ ಸುಲಭ.

ಆದರೆ ಗಮನಿಸಿರಿ, ಇವುಗಳಲ್ಲಿ ಯಾವುದಕ್ಕೂ ಮೊನ್ನೆ ಬಿಡುಗಡೆಯಾದ ಫೋನೇ ಆಗಬೇಕೆಂದಿಲ್ಲ. ಮನೆಯಲ್ಲಿ ಚೆನ್ನಾಗಿ ನಡೆಯುವ ಒಂದು ಸ್ಮಾರ್ಟ್‌ಫೋನ್ ಇದ್ದರೆ ಇಷ್ಟೂ ಕೆಲಸ ಆಗುತ್ತದೆ.

ನಿಮ್ಮ ಹೊಲದಲ್ಲಿ ಯಾವ ಸಿಗ್ನಲ್?

ಅಂಗಡಿಯವರು ಮೊದಲು ಹೇಳುವ ಮಾತು '5ಜಿ'. ನಮ್ಮ ದೇಶದಲ್ಲಿ 5ಜಿ ಸೇವೆ ಆರಂಭವಾದದ್ದು 2022ರ ಅಕ್ಟೋಬರ್ 1ರಂದು. ಇದರಲ್ಲಿ ಎರಡು ವಿಧಾನಗಳಿವೆ. ಪೂರ್ತಿಯಾಗಿ ತನ್ನದೇ ಜಾಲದ ಮೇಲೆ ನಡೆಯುವುದು ಎಸ್‌ಎ. 4ಜಿ ಜಾಲದ ಆಸರೆಯಿಂದ ನಡೆಯುವುದು ಎನ್‌ಎಸ್‌ಎ. ಆರಂಭದಲ್ಲಿ ಜಿಯೊ ಮೊದಲನೆಯದನ್ನೂ ಏರ್‌ಟೆಲ್ ಎರಡನೆಯದನ್ನೂ ಆರಿಸಿಕೊಂಡವು.

ಇದರ ಪರಿಣಾಮವೇನು? 2024ರ ನವೆಂಬರ್‌ನಲ್ಲಿ ರೆಡ್‌ಮಿ ಎ4 5ಜಿ ಎಂಬ ಫೋನು 8,499 ರೂಪಾಯಿಯ ಆರಂಭದ ಬೆಲೆಗೆ ಪೇಟೆಗೆ ಬಂತು. ಅಷ್ಟು ಕಡಿಮೆ ಬೆಲೆಗೆ 5ಜಿ ಎಂದು ದೊಡ್ಡ ಸುದ್ದಿಯಾಯಿತು. ಆದರೆ ಅದರಲ್ಲಿ ಇದ್ದದ್ದು ಎಸ್‌ಎ ಮಾತ್ರ. ಆದ್ದರಿಂದ ಆಗ ಏರ್‌ಟೆಲ್ ಸಿಮ್ ಹಾಕಿದವರಿಗೆ ದೊರೆತದ್ದು 4ಜಿಯೇ. ಡಬ್ಬಿಯ ಮೇಲೆ 5ಜಿ ಎಂದು ಅಚ್ಚಾಗಿದ್ದರೆ ಸಾಲದು. ನಿಮ್ಮ ಸಿಮ್‌ಗೆ ಅದು ಹೊಂದುತ್ತದೆಯೇ ಎಂದು ಕೇಳಿ ತಿಳಿಯಬೇಕು.

ಬಿಎಸ್‌ಎನ್‌ಎಲ್ ಗ್ರಾಹಕರು ಇನ್ನೊಂದು ಅಂಶ ನೋಡಬೇಕು. ಆ ಸಂಸ್ಥೆಯ 4ಜಿ ಸೇವೆ 700 ಮತ್ತು 2100 ಮೆಗಾಹರ್ಟ್ಸ್ ತರಂಗಗಳಲ್ಲಿ ನಡೆಯುತ್ತದೆ. 700ರ ತರಂಗ ಹೆಚ್ಚು ದೂರ ಹರಿಯುವುದರಿಂದ ಹಳ್ಳಿಗಳಿಗೆ ಅನುಕೂಲ. ಇದಕ್ಕೆ ಫೋನಿನ ವಿವರಣೆಯಲ್ಲಿ 'ಬ್ಯಾಂಡ್ 28' ಎಂದು ಇರತಕ್ಕದ್ದು.

ಎಲ್ಲಕ್ಕಿಂತ ಸುಲಭವಾದ ಪರೀಕ್ಷೆ ಇದು: ಬೇರೆ ಬೇರೆ ಕಂಪನಿಯ ಸಿಮ್ ಇರುವ ನೆರೆಯವರ ಫೋನುಗಳನ್ನು ಹೊಲಕ್ಕೂ ಪಂಪ್‌ಮನೆಗೂ ಒಯ್ದು ಸಿಗ್ನಲ್ ನೋಡಿರಿ. ಅಲ್ಲಿ 4ಜಿ ಮಾತ್ರ ಸಿಗುವುದಾದರೆ 5ಜಿಗೆಂದು ಹೆಚ್ಚು ಹಣ ಕೊಡುವ ಅವಸರ ಬೇಡ.

ಡಬ್ಬಿಯ ಮೇಲಿನ ಅಂಕಿಗಳು

ರ‍್ಯಾಮ್ ಎಂಬುದು ಕಣವಿದ್ದಂತೆ. ಕಣ ಚಿಕ್ಕದಾದರೆ ಒಮ್ಮೆಗೆ ನಡೆಯುವ ಕೆಲಸ ಕಡಿಮೆ. ಸ್ಟೋರೇಜ್ ಎಂಬುದು ಹಗೇವು. ಚಿತ್ರ, ವಿಡಿಯೊಗಳೆಲ್ಲ ತುಂಬುವುದು ಅದರಲ್ಲಿ. 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜಿಗಿಂತ ಕಡಿಮೆ ಇರುವುದನ್ನು ಈಗ ಕೊಳ್ಳದಿರುವುದು ಉತ್ತಮ. ಮಕ್ಕಳ ಓದಿಗೂ ಅದೇ ಫೋನಾದರೆ 128 ಜಿಬಿ ಇರಲಿ.

ಬ್ಯಾಟರಿ 5,000 ಎಂಎಎಚ್‌ಗೆ ಕಡಿಮೆ ಇರದಿರಲಿ. ನೀರು, ದೂಳಿನ ರಕ್ಷಣೆಯನ್ನು 'ಐಪಿ' ಅಂಕಿ ಸೂಚಿಸುತ್ತದೆ. ಐಪಿ 52 ಎಂದರೆ ತೊಟ್ಟಿಕ್ಕುವ ಹನಿಗಳಿಗೆ ಮಾತ್ರ ತಡೆ. ಐಪಿ 67 ಎಂದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷದವರೆಗೆ ತಡೆ. ಎರಡೂ ಕೀಟನಾಶಕಕ್ಕೆ ತಡೆಯಲ್ಲ. ಸಿಂಪಡಿಸುವಾಗ ಫೋನನ್ನು ಬದುವಿನ ಮೇಲೆ, ನೆರಳಿನಲ್ಲಿ ಇಡಿರಿ. ಬಿಸಿಲಿಗೆ ಬ್ಯಾಟರಿಯ ಆಯುಸ್ಸು ಕುಗ್ಗುತ್ತದೆ.

ಪರದೆಯನ್ನು ಅಂಗಡಿಯ ದೀಪದಲ್ಲಿ ನೋಡಿ ಮೆಚ್ಚಬೇಡಿರಿ. ಹೊರಗಿನ ಬಿಸಿಲಿಗೆ ತಂದು ಅಕ್ಷರ ಓದಲು ಬರುತ್ತದೆಯೇ ನೋಡಿರಿ.

ತಪ್ಪದೆ ಕೇಳಬೇಕಾದ ಪ್ರಶ್ನೆ: 'ಎಷ್ಟು ವರ್ಷ ಸುರಕ್ಷತಾ ಅಪ್‌ಡೇಟ್ ಕೊಡುತ್ತಾರೆ?' ಅದು ನಿಂತ ಮೇಲೆ ಬ್ಯಾಂಕಿನ ವ್ಯವಹಾರಕ್ಕೆ ಆ ಫೋನು ಅಷ್ಟು ಕ್ಷೇಮವಲ್ಲ. ಕಂಪನಿಯ ರಿಪೇರಿ ಕೇಂದ್ರ ನಿಮ್ಮ ತಾಲ್ಲೂಕು ಕೇಂದ್ರದಲ್ಲಿದೆಯೋ ಜಿಲ್ಲಾ ಕೇಂದ್ರಕ್ಕೇ ಹೋಗಬೇಕೋ ಎಂಬುದನ್ನೂ ವಿಚಾರಿಸಿರಿ.

ಕಂತಿನ ಲೆಕ್ಕ

ಅಗ್ಗದ್ದೇ ಲಾಭದ್ದಲ್ಲ. 9,600 ರೂಪಾಯಿಯ ಫೋನು ಎರಡೇ ವರ್ಷ ಬಾಳಿದರೆ ತಿಂಗಳಿಗೆ 400 ರೂಪಾಯಿ ಬಿದ್ದಂತಾಯಿತು. 14,400 ರೂಪಾಯಿಯದು ನಾಲ್ಕು ವರ್ಷ ಬಾಳಿದರೆ ತಿಂಗಳಿಗೆ 300 ಮಾತ್ರ. ರೀಚಾರ್ಜಿನ ಖರ್ಚು ಇದಕ್ಕೆ ಬೇರೆ.

ಕಂತಿನಲ್ಲಿ ಕೊಳ್ಳುವವರು ಒಟ್ಟು ಮೊತ್ತವನ್ನು ಕಾಗದದ ಮೇಲೆ ಬರೆದು ನೋಡಬೇಕು. 2021ರ ದೀಪಾವಳಿಗೆ ಬಂದ ಜಿಯೊಫೋನ್ ನೆಕ್ಸ್ಟ್‌ನ ನಗದು ಬೆಲೆ 6,499 ರೂಪಾಯಿ. ಕಂತಿನಲ್ಲಾದರೆ ಮೊದಲು 1,999 ಮತ್ತು ಶುಲ್ಕ 501. ಬಳಿಕ ಒಂದು ಯೋಜನೆಯಲ್ಲಿ ತಿಂಗಳಿಗೆ 300ರಂತೆ 24 ತಿಂಗಳು. ಕೂಡಿದರೆ 9,700 ರೂಪಾಯಿ. ಅದರಲ್ಲಿ ತಿಂಗಳಿಗೆ 5 ಜಿಬಿ ಡೇಟಾ, 100 ನಿಮಿಷದ ಕರೆ ಸೇರಿತ್ತು. ಆ 3,201 ರೂಪಾಯಿಯ ಹೆಚ್ಚಳಕ್ಕೆ ಇಷ್ಟು ಸಾಕೆ, ಮತ್ತೆ ರೀಚಾರ್ಜ್ ಮಾಡಿಸಬೇಕಾಗುತ್ತದೆಯೆ ಎಂಬುದು ಕೊಳ್ಳುವವನ ಬಳಕೆಗೆ ಬಿಟ್ಟ ವಿಷಯ. 'ತಿಂಗಳಿಗೆ ಮುನ್ನೂರೇ' ಎಂಬ ಮಾತಿಗೆ ಮರುಳಾಗದೆ ಯಾವ ಕಂತನ್ನೂ ಹೀಗೇ ಬಿಡಿಸಿ ನೋಡಿರಿ. ರೈತನಿಗೆ ಹಣ ಬರುವುದು ಬೆಳೆ ಬಂದಾಗ; ಕಂತು ಬರುವುದು ಪ್ರತಿ ತಿಂಗಳು. ಇದನ್ನು ಮರೆಯಬಾರದು.

ಹೊಸ ತಳಿ ಬಂದಾಗ ಜಾಣ ರೈತ ಮೊದಲು ಒಂದು ಮಡಿಯಲ್ಲಿ ಬೆಳೆದು ನೋಡುತ್ತಾನೆ. ಹೊಸ ಫೋನಿನ ಕುಂದುಕೊರತೆಗಳೂ ಎರಡು ಮೂರು ತಿಂಗಳಲ್ಲಿ ಬಳಸಿದವರ ಬಾಯಿಂದ ತಿಳಿಯುತ್ತವೆ. ಎಷ್ಟೋ ವೇಳೆ ಹಿಂದಿನ ವರ್ಷದ ಫೋನು ಆಗ ಕಡಿಮೆ ಬೆಲೆಗೆ ದೊರೆಯುತ್ತದೆ. ಆದರೂ ಬೆಲೆ ಇಳಿದೇ ಇಳಿಯುತ್ತದೆ ಎಂದು ನಂಬಿ ಕೂರುವಂತಿಲ್ಲ. 2025ರ ಕೊನೆಯಲ್ಲಿ ಮೆಮೊರಿ ಚಿಪ್‌ಗಳ ಬೆಲೆ ಏರಿ ಫೋನ್ ತಯಾರಿಕೆಯ ಖರ್ಚೂ ಏರಿತು. ಹಳೆಯ ಫೋನು ಕೆಟ್ಟು ಕೆಲಸ ನಿಂತಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ.

ಅಂಗಡಿಯಲ್ಲಿ ಎಚ್ಚರ

2020ರ ಏಪ್ರಿಲ್‌ನಿಂದ ಮೊಬೈಲ್ ಮೇಲೆ ಶೇಕಡ 18ರಷ್ಟು ಜಿಎಸ್‌ಟಿ ಇದೆ. ಹೇಳಿದ ಬೆಲೆಯಲ್ಲಿ ಅದು ಸೇರಿದೆಯೇ ಕೇಳಿ, ಮುದ್ರಿತ ರಸೀದಿ ಪಡೆಯಿರಿ. ಬಿಳಿ ಚೀಟಿಯಲ್ಲಿ ಬರೆದುಕೊಟ್ಟರೆ ಒಪ್ಪಬೇಡಿರಿ. ಗ್ಯಾರಂಟಿ ಕೇಳುವಾಗ ತೊಂದರೆಯಾದೀತು.

ಫೋನಿನಲ್ಲಿ *#06# ಒತ್ತಿದರೆ 15 ಅಂಕಿಗಳ ಐಎಂಇಐ ಸಂಖ್ಯೆ ಕಾಣುತ್ತದೆ. ಡಬ್ಬಿ ಮತ್ತು ರಸೀದಿಯ ಸಂಖ್ಯೆಗೆ ಅದು ತಾಳೆಯಾಗಬೇಕು. ಕೆವೈಎಂ ಎಂಬುದರ ಮೂರು ಇಂಗ್ಲಿಷ್ ಅಕ್ಷರಗಳನ್ನೂ ಜಾಗ ಬಿಟ್ಟು ಆ ಸಂಖ್ಯೆಯನ್ನೂ ಬರೆದು 14422ಕ್ಕೆ ಎಸ್ಸೆಮ್ಮೆಸ್ ಕಳಿಸಿದರೆ ಫೋನಿನ ವಿವರ ಬರುತ್ತದೆ. ಬಳಸಿದ ಫೋನು ಕೊಳ್ಳುವವರಂತೂ ಇದನ್ನು ಮಾಡದೆ ಹಣ ಕೊಡಬಾರದು. ಫೋನು ಕಳೆದುಹೋದರೆ ಪೊಲೀಸರಿಗೆ ದೂರು ಕೊಟ್ಟು, 2023ರ ಮೇ ತಿಂಗಳಲ್ಲಿ ದೇಶಕ್ಕೆಲ್ಲ ತೆರೆದ ಸಂಚಾರ್ ಸಾಥಿ ವ್ಯವಸ್ಥೆಯಲ್ಲಿ ಅದನ್ನು ತಡೆಹಿಡಿಸಬಹುದು. ಅದಕ್ಕೂ ಐಎಂಇಐ ಬೇಕು; ಪಾಸ್‌ಬುಕ್ಕಿನ ಹಿಂದೆ ಬರೆದಿಟ್ಟುಕೊಳ್ಳಿರಿ. ಬ್ಯಾಂಕಿನ ಹೆಸರಿನಲ್ಲಿ ಯಾರೇ ಕೇಳಿದರೂ ಒಟಿಪಿ ಹೇಳಬೇಡಿರಿ. ಹಣ ಹೋದದ್ದು ತಿಳಿದ ಕೂಡಲೆ 1930ಕ್ಕೆ ಕರೆ ಮಾಡಿರಿ.

ಒಟ್ಟಿನಲ್ಲಿ, ಈಗಿರುವ ಫೋನಿನಲ್ಲಿ ಬೆಳೆ ಸಮೀಕ್ಷೆ, ಬ್ಯಾಂಕು, ವಾಟ್ಸ್‌ಆ್ಯಪ್ ಮೂರೂ ನಡೆಯುತ್ತಿದ್ದು ಚಾರ್ಜ್ ಮಾತ್ರ ನಿಲ್ಲದಿದ್ದರೆ ಬ್ಯಾಟರಿ ಬದಲಿಸಿ ಇನ್ನೊಂದು ವರ್ಷ ನಡೆಸಿರಿ. ಆ ಮೂರರಲ್ಲಿ ಒಂದು ನಿಂತಿದ್ದರೂ, ಮುಂದಿನ ಬಿತ್ತನೆಯ ಹಣ ಕೈಯಲ್ಲಿದ್ದರೆ, ಮೇಲಿನಂತೆ ಪರೀಕ್ಷಿಸಿ ಹೊಸದನ್ನು ಕೊಳ್ಳಲು ಹಿಂಜರಿಯಬೇಕಿಲ್ಲ.