ವೈರ್‌ಲೆಸ್ ಆಫೀಸರ್ ಮೌಂಟ್‌ಬ್ಯಾಟನ್

ಈ ವಾರದ ಮಾತಿನ ಬರಹರೂಪ ಇದು.

ಮೌಂಟ್‌ಬ್ಯಾಟನ್ ಅಂದ ತಕ್ಷಣ ನಮಗೆ ನೆನಪಾಗೋದು ಬಿಳಿ ಯೂನಿಫಾರ್ಮು, ದೇಶ ವಿಭಜನೆ, ಕೊನೆಯ ವೈಸ್‌ರಾಯ್. ನನ್ನ ಹಾಗೆ ಬೀದರ್ ಕಡೆಯಿಂದ ಬಂದವರಿಗೆ ಇನ್ನೊಂದು ಲೆಕ್ಕವೂ ಇದೆ, ಅದಕ್ಕೆ ಕೊನೆಯಲ್ಲಿ ಬರ್ತೀನಿ. ಇವತ್ತು ಹೇಳೋದು ಆತನ ಮೂಲ ಕಸುಬಿನ ಬಗ್ಗೆ. ಆತ ಬ್ರಿಟಿಷ್ ನೌಕಾಪಡೆಯ ವೈರ್‌ಲೆಸ್ ತಜ್ಞ. ಅಂದ್ರೆ ಹೆಚ್ಚುಕಮ್ಮಿ ನಮ್ಮ ಲೈನಿನವನೇ.

ಹುಟ್ಟಿದ್ದು 1900ರಲ್ಲಿ, ವಿಕ್ಟೋರಿಯಾ ರಾಣಿಯ ಮರಿಮಗನಾಗಿ. 1913ರಲ್ಲಿ, ಇನ್ನೂ ಹದಿಮೂರೂ ತುಂಬಿರಲಿಲ್ಲ, ಆಸ್ಬೋರ್ನ್‌ನ ನೌಕಾ ಕಾಲೇಜಿಗೆ ಸೇರಿದ. ಆಗ ಆತನ ಅಪ್ಪ, ಬ್ಯಾಟನ್‌ಬರ್ಗ್‌ನ ಪ್ರಿನ್ಸ್ ಲೂಯಿ, ಇಡೀ ನೌಕಾಪಡೆಯ ಮುಖ್ಯಸ್ಥ. ಆ ಹುದ್ದೆಗೆ ಫಸ್ಟ್ ಸೀ ಲಾರ್ಡ್ ಅಂತ ಹೆಸರು. ಹುಟ್ಟಿನಿಂದ ಜರ್ಮನ್ ಮನೆತನ, ಆದರೆ ಹದಿನಾಲ್ಕನೇ ವಯಸ್ಸಿನಿಂದ ದುಡಿದಿದ್ದು ಬ್ರಿಟನ್ನಿಗೆ. 1914ರ ಜುಲೈನಲ್ಲಿ ಕಸರತ್ತಿಗೆ ಸೇರಿದ್ದ ಹಡಗುಗಳನ್ನ ವಾಪಸ್ ಕಳಿಸದೆ ಒಟ್ಟಿಗೆ ಇರಿಸಿದ್ದು ಈತನೇ. ಯುದ್ಧ ಶುರುವಾದಾಗ ನೌಕಾಪಡೆ ಸಿದ್ಧವಾಗಿತ್ತು. ಆದರೂ ಮೂರು ತಿಂಗಳಾಗೋದ್ರೊಳಗೆ, ‘ಜರ್ಮನ್ ಹೆಸರಿನವನು ಅಲ್ಯಾಕೆ ಕೂತಿದ್ದಾನೆ’ ಅನ್ನೋ ಗದ್ದಲ ಎದ್ದು, ಅಕ್ಟೋಬರ್ ಕೊನೆಗೆ ರಾಜೀನಾಮೆ ಕೊಡಬೇಕಾಯ್ತು. ನಲವತ್ತಾರು ವರ್ಷದ ಸರ್ವಿಸ್ ನೋಡಿ, ಒಂದು ಸರ್‌ನೇಮ್‌ಗೆ ಹೋಯ್ತು. 1917ರಲ್ಲಿ ಮನೆತನದವರು ಹೆಸರನ್ನೇ ಇಂಗ್ಲಿಷಿಗೆ ತಿರುಗಿಸಿಕೊಂಡರು. ಬರ್ಗ್ ಅಂದ್ರೆ ಬೆಟ್ಟ, ಹಾಗಾಗಿ ಬ್ಯಾಟನ್‌ಬರ್ಗ್ ಹೋಗಿ ಮೌಂಟ್‌ಬ್ಯಾಟನ್. ಅಪ್ಪ ಕಳಕೊಂಡ ಕುರ್ಚಿ ಮಗನ ತಲೆಯಿಂದ ಕೊನೇವರೆಗೂ ಇಳಿಯಲಿಲ್ಲ.

1916ರ ಜುಲೈನಲ್ಲಿ ಲಯನ್ ಅನ್ನೋ ಹಡಗಿಗೆ ಮಿಡ್‌ಶಿಪ್‌ಮನ್ ಆಗಿ ಹೋದ. ಜಟ್‌ಲ್ಯಾಂಡ್ ಕದನ ಮುಗಿದು ಆಗಲೇ ಎರಡು ತಿಂಗಳು. ಯುದ್ಧ ನಿಂತ ಮೇಲೆ ಲೇಆಫ್ ಬಂತು. ಹೌದು, 1922ರಲ್ಲಿ ಖರ್ಚು ಇಳಿಸೋಕೆ ನೌಕಾಧಿಕಾರಿಗಳನ್ನ ಗುಂಪುಗುಂಪಾಗಿ ಮನೆಗೆ ಕಳಿಸಿದರು, ಅದಕ್ಕೆ ‘ಗೆಡ್ಡಿಸ್ ಕೊಡಲಿ’ ಅಂತಲೇ ಹೆಸರು. ಈತ ಉಳಿದುಕೊಂಡ. ದೊಡ್ಡ ಮನೆತನದ ನೆರಳು ಕೆಲಸ ಮಾಡಲೇ ಇಲ್ಲ ಅಂತ ನಾನಂತೂ ನಂಬಲ್ಲ.

ಆದರೆ ಮುಂದಿನ ಹೆಜ್ಜೆ ಆತನದ್ದೇ. ಆ ಕಾಲದ ನೌಕಾಪಡೆಯಲ್ಲಿ ಮರ್ಯಾದೆ ಇದ್ದದ್ದು ತೋಪಿನವರಿಗೆ. ಈತ ಆರಿಸಿಕೊಂಡದ್ದು ಸಿಗ್ನಲ್ಸ್. 1924ರಲ್ಲಿ ಪೋರ್ಟ್ಸ್‌ಮತ್‌ನ ಸಿಗ್ನಲ್ ಸ್ಕೂಲ್, ಆಮೇಲೆ ಗ್ರೀನಿಚ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದು, 1929ರಲ್ಲಿ ಅದೇ ಸ್ಕೂಲಿಗೆ ಮೇಷ್ಟ್ರಾಗಿ ವಾಪಸ್, 1931ರಲ್ಲಿ ಮಾಲ್ಟಾದಲ್ಲಿ ಇಡೀ ಮೆಡಿಟರೇನಿಯನ್ ಪಡೆಗೆ ವೈರ್‌ಲೆಸ್ ಅಧಿಕಾರಿ. ಪೋಲೊ, ಪಾರ್ಟಿ, ರೋಲ್ಸ್‌ರಾಯ್ಸ್ ಅಂತ ಜೊತೆಯವರು ಆಡಿಕೊಳ್ಳುತ್ತಿದ್ದದ್ದು ಸುಳ್ಳಲ್ಲ. ಸಾಲಾಗಿ ಹೋಗೋ ಹಡಗುಗಳು ಮುಂದಿನದರಿಂದ ಒಂದೇ ಅಂತರ ಕಾಯ್ದುಕೊಳ್ಳೋಕೆ ಒಂದು ಸಾಧನ ರೂಪಿಸಿದ್ದೂ ಇದೇ ಮನುಷ್ಯ.

ನನಗೆ ತುಂಬ ಖುಷಿ ಕೊಟ್ಟ ವಿಷಯ 1946ರದ್ದು. ಬ್ರಿಟನ್ನಿನ ರೇಡಿಯೋ ಎಂಜಿನಿಯರುಗಳ ಸಂಸ್ಥೆಗೆ ಆಗ ಈತ ಅಧ್ಯಕ್ಷ. ಅಕ್ಟೋಬರ್‌ನಲ್ಲಿ ಮಾಡಿದ ಭಾಷಣದಲ್ಲಿ, ಅಮೆರಿಕದ ಎನಿಯಾಕ್ ಯಂತ್ರದ ಸುದ್ದಿ ತೆಗೆದು ‘ಎಲೆಕ್ಟ್ರಾನಿಕ್ ಮೆದುಳು’ ಬರ್ತಾ ಇದೆ ಅಂದ. ಗಣಿತಜ್ಞ ಹಾರ್ಟ್ರೀ ಆ ಪದಕ್ಕೆ ಆಕ್ಷೇಪ ಎತ್ತಿದರು, ಯಂತ್ರ ತಾನಾಗಿ ಯೋಚಿಸಲ್ಲ ಅಂತ. ಎಐ ಬಗ್ಗೆ ನಮ್ಮ ಆಫೀಸ್ ಕ್ಯಾಂಟೀನಿನಲ್ಲಿ ನಡೆಯೋ ಜಗಳ ನೋಡಿ, ಅಷ್ಟು ಹಳೇದು.

ಹಡಗಿನ ಕ್ಯಾಪ್ಟನ್ ಆಗಿ ಆತ ಅಷ್ಟೇನೂ ಜಾಣನಲ್ಲ, ಅತಿ ಅವಸರದವನು ಅನ್ನೋ ಮಾತಿದೆ. ಆತನ ಕೆಲ್ಲಿ ಅನ್ನೋ ಡಿಸ್ಟ್ರಾಯರ್ 1941ರ ಮೇ 23ರಂದು ಕ್ರೀಟ್ ದ್ವೀಪದ ಹತ್ತಿರ ಜರ್ಮನ್ ವಿಮಾನಗಳ ಬಾಂಬಿಗೆ ಮುಳುಗಿತು. ಸುಮಾರು ಅರ್ಧದಷ್ಟು ಜನ ಸತ್ತರು. ಅದಾದ ಕೆಲವೇ ದಿನಕ್ಕೆ ಅದೇ ಕ್ರೀಟ್‌ನಿಂದ ಸೈನಿಕರನ್ನ ಹೊತ್ತು ತಂದ ಹಡಗುಗಳಲ್ಲಿ ಒಂದರ ಹೆಸರು ‘ನಿಜಾಮ್’. ನಮ್ಮ ಹೈದರಾಬಾದ್ ನಿಜಾಮರ ದುಡ್ಡಿನ ಹಡಗು ಅದು, ನಡೆಸಿದವರು ಆಸ್ಟ್ರೇಲಿಯಾದವರು.

ಅದೇ ನಿಜಾಮರೊಂದಿಗೆ ಆರು ವರ್ಷದ ಮೇಲೆ ಈತ ಮಾತುಕತೆಗೆ ಕೂತ. 1947ರ ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದ ಆಯ್ತು. ಒಂದು ವರ್ಷ ಎಲ್ಲ ಹಿಂದಿನಂತೆಯೇ ಇರಲಿ, ಅಷ್ಟರಲ್ಲಿ ಮಾತಾಡೋಣ ಅಂತ. ದೆಹಲಿಯಲ್ಲಿ ಕೂತು ಸಹಿ ಹಾಕಿದವರಿಗೆ ಅದು ಕಾಲಾವಕಾಶ. ಬೀದರ್, ಗುಲ್ಬರ್ಗಾ, ರಾಯಚೂರಿನ ಹಳ್ಳಿಗಳಲ್ಲಿ ಇದ್ದವರಿಗೆ ಅದು ರಜಾಕಾರರ ವರ್ಷ. ನಮ್ಮಜ್ಜಿ ರಾತ್ರಿ ದೀಪ ಹಚ್ಚದೆ ಕೂತ ಕತೆ ಹೇಳ್ತಿದ್ದಳು. ಮೌಂಟ್‌ಬ್ಯಾಟನ್ ಹೆಸರು ಅವಳಿಗೆ ಗೊತ್ತಿರಲಿಲ್ಲ.

ನಿಜಾಮರು ದೆಹಲಿಗೆ ಬರಲೇ ಇಲ್ಲ. 1948ರ ಮೇನಲ್ಲಿ ಮೌಂಟ್‌ಬ್ಯಾಟನ್ ತನ್ನ ಪತ್ರಿಕಾ ಅಧಿಕಾರಿ ಕ್ಯಾಂಪ್‌ಬೆಲ್ ಜಾನ್ಸನ್ ಅವರನ್ನ ಇಲ್ಲಿಗೆ ಕಳಿಸಿದ. ಜೂನ್‌ನಲ್ಲಿ ಕೊನೆಯ ಕರಡನ್ನೂ ನಿಜಾಮರು ಒಪ್ಪಲಿಲ್ಲ. ಹಡಗಿಂದ ಹಡಗಿಗೆ ಸಂದೇಶ ಮುಟ್ಟಿಸೋದು ಕಲಿತವನಿಗೆ ಈ ಒಂದು ಅರಮನೆಯಿಂದ ಬೇಕಾದ ಉತ್ತರ ತರಿಸೋಕೆ ಆಗಲಿಲ್ಲ. ಜೂನ್ 21ಕ್ಕೆ ದೇಶ ಬಿಟ್ಟು ಹೊರಟ. ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಬಂತು, 17ಕ್ಕೆ ಎಲ್ಲ ಮುಗಿಯಿತು.

ಗವರ್ನರ್ ಜನರಲ್ ಆಗಿದ್ದವನು ಆ ವರ್ಷವೇ ವಾಪಸ್ ನೌಕಾಪಡೆಗೆ ಹೋಗಿ, ಮೆಡಿಟರೇನಿಯನ್‌ನಲ್ಲಿ ಒಂದು ಕ್ರೂಸರ್ ದಳದ ರಿಯರ್ ಅಡ್ಮಿರಲ್ ಆಗಿ, ಇನ್ನೊಬ್ಬರ ಕೈಕೆಳಗೆ ಕೆಲಸಕ್ಕೆ ನಿಂತ. 1955ರ ಏಪ್ರಿಲ್‌ನಲ್ಲಿ ಫಸ್ಟ್ ಸೀ ಲಾರ್ಡ್ ಆದ. ಅಪ್ಪ ಎದ್ದುಹೋದ ಕುರ್ಚಿ ಅದು. ನಮ್ಮ ಮೂರು ಜಿಲ್ಲೆ ಆಗಿನ್ನೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಮೈಸೂರು ರಾಜ್ಯಕ್ಕೆ ಸೇರಿದ್ದು ಮರುವರ್ಷದ ನವೆಂಬರ್ 1ಕ್ಕೆ.